ಕಾರಿಗೆ ಅಗಲ ಚಕ್ರ: ಅಂಗಡಿಗೆ ಹೋಗುವ ಮುನ್ನ ಅಳತೆ ನೋಡಿ

ಅಡಕೆಗೋ ಶುಂಠಿಗೋ ನಾಲ್ಕು ಕಾಸು ಹೆಚ್ಚು ಬಂದ ವರ್ಷ ಕಾರಿಗೂ ಒಡವೆ ಬರುವುದುಂಟು. ಮನೆಯ ಹುಡುಗರು ಪೇಟೆಗೆ ಹೋಗಿ, ಕಂಪನಿ ಕೊಟ್ಟ ಉಕ್ಕಿನ ಚಕ್ರ ತೆಗೆಸಿ, ಹೊಳೆಯುವ ಅಗಲವಾದ ಅಲಾಯ್ ಚಕ್ರ ಹಾಕಿಸಿಕೊಂಡು ಬರುತ್ತಾರೆ. ಆಸೆ ತಪ್ಪಲ್ಲ. ಆದರೆ ಬೋಲ್ಟಿನ ರಂಧ್ರ ಸರಿಹೊಂದಿತೆಂದರೆ ಚಕ್ರವೂ ಸರಿಹೊಂದಿತೆಂದು ನಂಬುವುದು ತಪ್ಪು. ಖಾಲಿ ಕಾರಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮನೆಮಂದಿಯೆಲ್ಲ ಕೂತು ಜಾತ್ರೆಗೆ ಹೊರಟ ದಿನ ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಲು ತೊಡಗುತ್ತದೆ.

ಇಲ್ಲಿ ನೋಡಬೇಕಾದ ಅಳತೆಗಳು ಮುಖ್ಯವಾಗಿ ಎರಡು. ಒಂದು ರಿಮ್ಮಿನ ಅಗಲ, ಇನ್ನೊಂದು ಆಫ್‌ಸೆಟ್. ಆಫ್‌ಸೆಟ್ ಎಂಬ ಹೆಸರು ಹೊಸದಾಗಿ ಕೇಳಿಸಬಹುದು. ಆದರೆ ಟ್ರ್ಯಾಕ್ಟರ್ ಇಟ್ಟುಕೊಂಡ ರೈತನಿಗೆ ವಿಷಯ ಹಳೆಯದೇ. ಬೆಳೆಯ ಸಾಲಿನ ಅಂತರಕ್ಕೆ ತಕ್ಕಂತೆ ಹಿಂದಿನ ಗಾಲಿಯ ಡಿಸ್ಕನ್ನು ತಿರುಗಿಸಿ ಕಟ್ಟಿದರೆ ಗಾಲಿ ಹೊರಗೆ ಸರಿಯುತ್ತದೆ ಅಥವಾ ಒಳಗೆ ಬರುತ್ತದೆಯಲ್ಲವೆ? 1946ರಿಂದ 1956ರವರೆಗೆ ತಯಾರಾದ ಫರ್ಗ್ಯುಸನ್ ಟಿ.ಇ. 20 ಟ್ರ್ಯಾಕ್ಟರಿನಲ್ಲಿ ಹೀಗೆ ಎರಡು ಗಾಲಿಗಳ ನಡುವಿನ ಅಂತರವನ್ನು 48 ಇಂಚಿನಿಂದ 76 ಇಂಚಿನವರೆಗೆ, ನಾಲ್ಕು ನಾಲ್ಕು ಇಂಚಿನಂತೆ ಬದಲಿಸಬಹುದಾಗಿತ್ತು. (ಹೀಗೆ ಗಾಲಿ ತಿರುವುವಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕದಿದ್ದರೆ ಟೈರಿನ ಹಲ್ಲು ಹಿಂದುಮುಂದಾಗುತ್ತದೆ.) ಟ್ರ್ಯಾಕ್ಟರಿನ ಅಚ್ಚು ಇಂಥ ಬದಲಾವಣೆ ತಾಳಲೆಂದೇ ಮಾಡಿದ್ದು. ಕಾರಿನದು ಹಾಗಲ್ಲ.

ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದೆವೆಂದು ಭಾವಿಸಿ. ಚಕ್ರವು ಹಬ್ಬಿಗೆ ಒತ್ತಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರವಿದೆಯೋ ಅದೇ ಆಫ್‌ಸೆಟ್. ರಿಮ್ಮಿನ ಮೇಲೆ 'ಇ.ಟಿ. 45' ಎಂದು ಅಚ್ಚೊತ್ತಿದ್ದರೆ, ಆ ಮುಖ ನಡುಗೆರೆಯಿಂದ 45 ಮಿ.ಮೀ. ಹೊರಬದಿಗಿದೆ ಎಂದರ್ಥ. ಈ ಸಂಖ್ಯೆ ಇಳಿದಷ್ಟೂ ಚಕ್ರ ಕಾರಿನಿಂದ ಹೊರಕ್ಕೆ ಚಾಚುತ್ತದೆ. ಏರಿದಷ್ಟೂ ಒಳಕ್ಕೆ ಹೋಗುತ್ತದೆ.

ಇನ್ನು ಲೆಕ್ಕ. 185/65 ಆರ್ 15 ಟೈರಿನ ಕಾರಿಗೆ 5.5 ಇಂಚು ಅಗಲ, 45 ಆಫ್‌ಸೆಟ್ಟಿನ ಮೂಲ ಚಕ್ರವಿದೆ ಎನ್ನೋಣ. ಅಂಗಡಿಯವರು 7 ಇಂಚು ಅಗಲ, 20 ಆಫ್‌ಸೆಟ್ಟಿನದನ್ನು ತೋರಿಸುತ್ತಾರೆ. ಅಗಲ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಹೆಚ್ಚಿತು, ಇದು ಎರಡೂ ಬದಿಗೆ 19ರಂತೆ ಹಂಚಿಹೋಗುತ್ತದೆ. ಆಫ್‌ಸೆಟ್ ಇಳಿದದ್ದರಿಂದ ಇಡೀ ಚಕ್ರ 25 ಮಿ.ಮೀ. ಹೊರಕ್ಕೆ ಸರಿಯಿತು. ಹೊರ ಅಂಚು ಈಗ 19 ಮತ್ತು 25, ಒಟ್ಟು 44 ಮಿ.ಮೀ. ಹೊರಗೆ. ನಾಲ್ಕೂವರೆ ಸೆಂಟಿಮೀಟರಿಗೆ ತುಸು ಕಡಿಮೆ! ಸಾಲದ್ದಕ್ಕೆ 185/65 ಟೈರಿಗೆ 5ರಿಂದ 6.5 ಇಂಚಿನ ರಿಮ್ ಮಾತ್ರ ಒಪ್ಪಿತ. 7 ಇಂಚಿನ ಮೇಲೆ ಅದನ್ನು ಎಳೆದು ಕೂರಿಸುವುದು ಅಪಾಯ. ಅದೇ 6 ಇಂಚು ಅಗಲ, 40 ಆಫ್‌ಸೆಟ್ ತೆಗೆದುಕೊಂಡರೆ ಹೊರಗೆ 11, ಒಳಗೆ 1 ಮಿ.ಮೀ. ಅಷ್ಟೇ. ಅಂದವೂ ಆಯಿತು, ಉಪದ್ರವವೂ ಇಲ್ಲ.

ಹೊರಗೆ ಸರಿದರೆ ನಷ್ಟವೇನು? ಭಾರ ಬೀಳುವ ಜಾಗ ಬೇರಿಂಗಿನಿಂದ ದೂರವಾಗುತ್ತದೆ. ಹಾರೆಯನ್ನು ತುದಿಯಲ್ಲಿ ಅದುಮಿದಂತೆ ಬೇರಿಂಗಿನ ಮೇಲೆ ಮೀಟುವ ಬಲ ಏರಿ ಅದರ ಆಯುಷ್ಯ ತಗ್ಗುತ್ತದೆ. ಮುಂದಿನ ಚಕ್ರ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಲ್ಲಿ ಜಗ್ಗುತ್ತದೆ. ಒಂದು ಬದಿ ಕೆಸರಿನಲ್ಲಿದ್ದು ಬ್ರೇಕ್ ಒತ್ತಿದರೆ ಕಾರು ಪಕ್ಕಕ್ಕೆ ಎಳೆಯುತ್ತದೆ. ನಮ್ಮ ಹೊಲದ ದಾರಿಗಳಲ್ಲಿ ಇದು ಸಣ್ಣ ಮಾತಲ್ಲ. ಒಳಗೆ ಸರಿದರೆ ಟೈರು ಶಾಕ್ ಅಬ್ಸಾರ್ಬರಿಗೋ ಬ್ರೇಕ್ ಪೈಪಿಗೋ ತಾಗುವ ಭಯ. ಪೈಪು ಸವೆದು ಹರಿದರೆ ಬ್ರೇಕೇ ಇಲ್ಲ.

ಅಚ್ಚು ಅಳಿಸಿಹೋಗಿದ್ದರೆ ಪಂಚರ್ ಅಂಗಡಿಯಲ್ಲಿ ಟೈರು ಕಳಚಿದಾಗ ನೀವೇ ಅಳೆಯಬಹುದು. ರಿಮ್ಮನ್ನು ಹೊರಮುಖ ಕೆಳಗಾಗಿ ಮಲಗಿಸಿ, ಮೇಲಿನ ಅಂಚಿಗೆ ಅಡ್ಡಲಾಗಿ ನೆಟ್ಟಗಿನ ಪಟ್ಟಿ ಇಡಿ. ಪಟ್ಟಿಯಿಂದ ಹಬ್ಬಿಗೆ ಕೂರುವ ಮುಖದವರೆಗಿನ ಆಳ 127 ಮಿ.ಮೀ., ಅಂಚಿನಿಂದ ಅಂಚಿಗೆ ಪೂರ್ತಿ ಅಗಲ 165 ಬಂತು ಎನ್ನಿ. ಅಗಲದ ಅರ್ಧ 82.5ನ್ನು ಆಳದಿಂದ ಕಳೆಯಿರಿ. ಉಳಿದ ಸುಮಾರು 45 ನಿಮ್ಮ ಚಕ್ರದ ಆಫ್‌ಸೆಟ್. 5.5 ಇಂಚಿನ ರಿಮ್ ಪೂರ್ತಿ ಅಳೆದಾಗ ಸುಮಾರು ಒಂದಿಂಚು ಹೆಚ್ಚು ಬರುವುದು ಸಹಜ. ಬರೆದಿರುವ ಅಗಲ ಟೈರು ಕೂರುವ ಜಾಗದ್ದು.

ಬೋಲ್ಟುಗಳ ಸಂಖ್ಯೆ, ಅವು ಕೂತ ವೃತ್ತದ ಅಳತೆ, ನಡುವಿನ ದೊಡ್ಡ ರಂಧ್ರ ಇವನ್ನೂ ತಾಳೆ ನೋಡಬೇಕು. ಹಳೆಯ ವಿಲ್ಲಿಸ್ ಜೀಪಿನ ಐದು ಬೋಲ್ಟುಗಳ ವೃತ್ತ ಐದೂವರೆ ಇಂಚು, ಅಂದರೆ 139.7 ಮಿ.ಮೀ. 'ಹತ್ತಿರ ಹತ್ತಿರ ಇದೆ, ಬಿಗಿದರೆ ಕೂರುತ್ತದೆ' ಎನ್ನುವ ಅಂಗಡಿಯಿಂದ ಎದ್ದು ಬನ್ನಿ. ಹಬ್ಬಿಗೂ ಚಕ್ರಕ್ಕೂ ನಡುವೆ ಬಿಲ್ಲೆ ತುರುಕಿ ಚಕ್ರವನ್ನು ಹೊರಕ್ಕೆ ತಳ್ಳುವ ಉಪಾಯವಂತೂ ನಮಗೆ ಒಪ್ಪಿಗೆಯಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ವಿಮಾ ಕಂಪನಿಯನ್ನೂ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಲೇಸು.

ಕಲ್ಲು ರಸ್ತೆಯ ಊರಿನವರಿಗೆ ಉಕ್ಕಿನ ಚಕ್ರವೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಅದು ಪೆಟ್ಟಿಗೆ ಬಗ್ಗುತ್ತದೆ, ಅಲಾಯ್ ಬಿರಿಯುವುದುಂಟು. ಹಾಕಿಸಿಯೇ ತೀರುವುದಾದರೆ ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಐದು ಜನರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಎಲ್ಲೂ ತಾಗುವುದಿಲ್ಲವೆಂದು ಅಂಗಡಿಯ ಮುಂದೆಯೇ ಪರೀಕ್ಷಿಸಿ. ಸ್ಟೆಪ್ನಿ ಹಳೆಯದೇ ಉಳಿದರೆ ಅದರ ಹಳೆಯ ನಟ್ಟುಗಳನ್ನೂ ಡಿಕ್ಕಿಯಲ್ಲಿಡಿ. ಅಲಾಯ್ ಚಕ್ರದ ನಟ್ಟು ಉಕ್ಕಿನದಕ್ಕೆ ಹೊಂದದೇ ಇರಬಹುದು. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿಕೊಳ್ಳಿ.