ಯಶೋಧರನ ಕಥೆಯಲ್ಲಿ ಹಿಂಸೆ ಮತ್ತು ಅಭಯ

ಅಜ್ಜಿಯರು ಹೇಳುವ ಕಥೆಗಳಲ್ಲಿ ಹಿಂಸೆ ಅಪರೂಪವಲ್ಲ. ಏಳು ಸಮುದ್ರಗಳಾಚೆಯ ಗಿಳಿಯೊಂದರಲ್ಲಿ ರಾಕ್ಷಸನ ಪ್ರಾಣವಿರುತ್ತದೆ, ರಾಜಕುಮಾರನು ಅದರ ಕತ್ತನ್ನು ಮುರಿಯುತ್ತಾನೆ, ಕೇಳುವವರು ಹರ್ಷಿಸುತ್ತಾರೆ. ಅಲ್ಲಿ ನಿರ್ಭಯತೆಯು ಕೊಲ್ಲುವವನ ಗುಣ; ಗಿಳಿಯ ನೋವನ್ನು ವಿಚಾರಿಸುವವರಿಲ್ಲ. ಜೈನ ಕಥಾಕಾರರು ಕಥೆಯಿಂದ ಹಿಂಸೆಯನ್ನು ತೆಗೆದುಹಾಕಲಿಲ್ಲ. ನಿರ್ಭಯತೆಯ ನೆಲೆಯನ್ನು ಬದಲಿಸಿದರು. ಯಶೋಧರನ ಕಥೆ ಇದಕ್ಕೆ ಉತ್ತಮ ನಿದರ್ಶನ.

ಈ ಕಥೆಯನ್ನು ಸೋಮದೇವಸೂರಿಯು ಕ್ರಿ.ಶ. 959ರ ಯಶಸ್ತಿಲಕದಲ್ಲಿಯೂ, ಪುಷ್ಪದಂತನು ಅಪಭ್ರಂಶದಲ್ಲಿಯೂ, ವಾದಿರಾಜನು ಸಂಸ್ಕೃತದಲ್ಲಿಯೂ ನಿರೂಪಿಸಿದ್ದಾರೆ. ಕನ್ನಡದಲ್ಲಿ ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನನು 1209ರಲ್ಲಿ ಯಶೋಧರ ಚರಿತೆಯನ್ನು ರಚಿಸಿದನು.

ಕಥೆಯಲ್ಲಿ ಕೊಲೆಯ ಹಿಂದೆ ಅಂಜಿಕೆಯಿರುವುದು ಗಮನಾರ್ಹ. ಮಾರಿದತ್ತನು ಚಂಡಮಾರಿಗೆ ಅಂಜಿ ಬಲಿಯನ್ನು ಅಣಿಗೊಳಿಸುತ್ತಾನೆ. ಮಗನು ಹೇಳಿದ ದುಃಸ್ವಪ್ನಕ್ಕೆ ಅಂಜಿ ಚಂದ್ರಮತಿಯು ಬಲಿಯನ್ನು ವಿಧಿಸುತ್ತಾಳೆ. ಜೀವಬಲಿಗೆ ಒಪ್ಪದ ಯಶೋಧರನು ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ.

ಇಲ್ಲಿ ಶಾಸ್ತ್ರಜ್ಞರಿಗೆ ಒಂದು ಶಂಕೆ ಸಹಜ. ಪ್ರಮತ್ತಯೋಗದಿಂದಾದ ಪ್ರಾಣವಿಯೋಗವನ್ನು ಹಿಂಸೆಯೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಹಿಟ್ಟಿಗೆ ಪ್ರಾಣವೆಲ್ಲಿ? ಸಮಾಧಾನವನ್ನು ಅಮೃತಚಂದ್ರಸೂರಿಯ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕಾಣಬಹುದು: ಕಷಾಯಯುಕ್ತನಾದ ಆತ್ಮನು ಅನ್ಯರಿಗೆ ಕೇಡಾಗುವ ಮೊದಲೇ ತನ್ನನ್ನು ತಾನು ಘಾತಿಸಿಕೊಳ್ಳುತ್ತಾನೆ. ದ್ರವ್ಯಹಿಂಸೆ ಇಲ್ಲದಿದ್ದರೂ ಸಂಕಲ್ಪದಲ್ಲಿ ಭಾವಹಿಂಸೆ ಪೂರ್ಣವಾಗಿತ್ತು. ಅದರ ಫಲವಾಗಿ ತಾಯಿಮಕ್ಕಳು ನವಿಲು-ನಾಯಿಗಳಿಂದ ಮೊದಲಾಗಿ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿ, ಕಡೆಗೆ ತಾವೇ ಕೋಳಿಗಳಾಗುತ್ತಾರೆ. ಧರ್ಮಶ್ರವಣದಿಂದ ಹರ್ಷಿಸಿ ಕೂಗಿದಾಗ ಯಶೋಮತಿಯ ಬಾಣಕ್ಕೆ ತುತ್ತಾಗುತ್ತಾರೆ. ಕೋಳಿಯನ್ನು ಕಡಿದವರು ಕೋಳಿಗಳಾಗಿ ಸತ್ತುದು ಕಥಾಬಂಧದ ಮರ್ಮ.

ಆ ಜೀವಗಳೇ ಅಭಯರುಚಿ, ಅಭಯಮತಿಯರಾಗಿ ಹುಟ್ಟಿ, ಮಾರಿದತ್ತನ ಖಡ್ಗದೆದುರು ನಿಲ್ಲುತ್ತವೆ. ಅವರ ಕೈಯಲ್ಲಿ ಆಯುಧವಿಲ್ಲ, ಕಾಯುವ ಬಂಟರಿಲ್ಲ. ಆದರೂ ಅಂಜುವುದಿಲ್ಲ. ಕೊಂದುದರ ಫಲವನ್ನು ಅವರು ಉಂಡು ಬಲ್ಲರು. ಸಾವಿನ ನೋವನ್ನೂ ಬಲ್ಲರು. ಕೊಲ್ಲುವ ಸಂಕಲ್ಪವನ್ನು ಬಿಟ್ಟವನಿಗೆ ಮರಣಭಯವೂ ಬಿಡುತ್ತದೆಂಬುದನ್ನು ಅವರ ನಿಲುವೇ ಸಾರುತ್ತದೆ. ಅಭಯರುಚಿಯು ತಮ್ಮ ಭವಾವಳಿಯನ್ನು ಹೇಳಿ ಮುಗಿಸುವಷ್ಟರಲ್ಲಿ ಅರಸನ ಮನಸ್ಸು ಬಲಿಯಿಂದ ಹಿಂದೆಗೆಯುತ್ತದೆ.

ಚತುರ್ವಿಧ ದಾನಗಳಲ್ಲಿ ಅಭಯದಾನವೂ ಒಂದಷ್ಟೆ. ತನ್ನಲ್ಲಿಲ್ಲದುದನ್ನು ಯಾರೂ ಕೊಡಲಾರರು. ಅಂಜಿದ ಅರಸನು ಕೊಡಲಾರದ ಅಭಯವನ್ನು ಬಲಿಗೆಂದು ತಂದ ಮಕ್ಕಳು ಅವನಿಗೂ, ಅಲ್ಲಿ ಕಟ್ಟಿಹಾಕಿದ್ದ ಮೂಕಜೀವಗಳಿಗೂ ಕೊಟ್ಟರು. ಹಿಂಸೆಯ ಚಿತ್ರಣವಿದೆಯೆಂದು ಇಂತಹ ಕಥೆಗಳನ್ನು ಎಳೆಯರಿಂದ ಮರೆಮಾಡಬೇಕಾದುದಿಲ್ಲ; ಕೇಳುವವರ ಮನಸ್ಸು ಖಡ್ಗದ ಪಕ್ಕದಲ್ಲಿ ನಿಲ್ಲುವುದೋ, ಅದರೆದುರು ನಿಂತವರ ಪಕ್ಕದಲ್ಲಿ ನಿಲ್ಲುವುದೋ ಎಂಬುದೇ ಮುಖ್ಯ.