ಬಾಗಿಲಲ್ಲಿ ಅಧಿಕಾರಿ

ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾರಿ ಸಂಸಾರ ತೂಗಿಸುವ ಗೃಹಿಣಿಯ ಬಾಗಿಲಲ್ಲಿ ಆಹಾರ ಸುರಕ್ಷತಾ ಅಧಿಕಾರಿ ಬಂದು ನಿಂತರೆ ಆಕೆಯ ಎದೆ ಡವಗುಟ್ಟುತ್ತದೆ. ‘ಇನ್ನೇನು, ದಂಡ ಬಿತ್ತು!’ ಎಂಬುದೇ ಮೊದಲ ಯೋಚನೆ. ಆದರೆ ಕಾನೂನು ನಿಜವಾಗಿಯೂ ಅಷ್ಟು ನಿರ್ದಯವೆ?

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 32ನೆಯ ಕಲಮನ್ನು ನೋಡಿ. ನಿಯಮ ತಪ್ಪಿದವರಿಗೆ ಇಲಾಖೆಯು ‘ಸುಧಾರಣಾ ನೋಟೀಸು’ ಕೊಡಬಹುದು. ತಪ್ಪೇನು, ತಿದ್ದಿಕೊಳ್ಳುವ ಬಗೆ ಯಾವುದು ಎಂಬುದನ್ನು ಅದರಲ್ಲಿ ಬರೆದಿರಬೇಕು. 14 ದಿನಗಳಿಗೆ ಕಡಮೆಯಿಲ್ಲದ ಅವಧಿಯನ್ನೂ ನೀಡಬೇಕು. ಆಗಲೂ ತಿದ್ದಿಕೊಳ್ಳದಿದ್ದರೆ ಪರವಾನಗಿ ಅಮಾನತಾಗಬಹುದು, ಅನಂತರ ರದ್ದೂ ಆಗಬಹುದು. ಜನರ ಆರೋಗ್ಯದ ಹಿತಕ್ಕಾಗಿ, ಕಾರಣವನ್ನು ಬರೆದಿಟ್ಟು, ಒಡನೆಯೇ ಅಮಾನತುಗೊಳಿಸಲೂ ಅವಕಾಶವುಂಟು.

2011ರ ನಿಯಮಗಳು ಇಂಥ ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕದ ಸರಳ ನೋಂದಣಿಯನ್ನು ತಂದವು. ಏಳು ದಿನಗಳೊಳಗೆ ಕಚೇರಿಯು ನೋಂದಣಿ ನೀಡಬೇಕು, ಕಾರಣ ತಿಳಿಸಿ ನಿರಾಕರಿಸಬೇಕು, ಇಲ್ಲವೇ ತಪಾಸಣೆಗೆ ನೋಟೀಸು ಕೊಡಬೇಕು. ಯಾವುದನ್ನೂ ಮಾಡದಿದ್ದರೆ ವ್ಯಾಪಾರ ಆರಂಭಿಸಬಹುದು ಎಂದೂ ವಿಧಿಸಿದವು.

ಕಾಗದದ ಮೇಲಿನ ಈ ಕರುಣೆ ಅಧಿಕಾರಿಯ ಮಾತಿನಲ್ಲಿಯೂ ಇಳಿಯಬೇಕು. ‘ಡಬ್ಬಕ್ಕೆ ಮುಚ್ಚಳವಿರಲಿ ತಾಯಿ, ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕವಿರಲಿ’ ಎಂದು ತಿಳಿಯಹೇಳಿದರೆ ಆಕೆ ಅಂದೇ ತಿದ್ದಿಕೊಂಡಾಳು. ಗದರಿಸಿದರೆ ಮುಂದಿನ ಸಲ ಬಾಗಿಲನ್ನೇ ಹಾಕಿಕೊಂಡಾಳು. ಮುಚ್ಚಿದ ಬಾಗಿಲ ಹಿಂದೆ ತಯಾರಾದ ತಿಂಡಿ ಬಂದು ಬೀಳುವುದು ನಮ್ಮ ಮಕ್ಕಳ ತಟ್ಟೆಗೇ ಅಲ್ಲವೆ?