ಕಡಲಜೀವಿಗಳಿಗೊಂದು ಆಸರೆತೊಟ್ಟಿ

ಸಂಸ್ಕೃತ ನಿಘಂಟುಗಳು ಸಮುದ್ರಕ್ಕೆ ಹೇಳಿರುವ ಅನೇಕ ನಾಮಗಳಲ್ಲಿ ‘ರತ್ನಾಕರ’ ಎಂಬುದು ಎಲ್ಲರ ನಾಲಗೆಯ ಮೇಲಿದೆ; ‘ಯಾದಃಪತಿ’ ಎಂಬುದನ್ನು ಬಲ್ಲವರು ಕೆಲವರೇ. ಯಾದಸ್ ಎಂದರೆ ಜಲಚರ. ಜಲಚರಗಳ ಒಡೆಯನು ಯಾದಃಪತಿ. ಮೊದಲನೆಯ ಹೆಸರು ಮನುಷ್ಯನು ಸಮುದ್ರದಿಂದ ಪಡೆಯುವುದನ್ನು ನೆನಪಿಗೆ ತರುತ್ತದೆ. ಎರಡನೆಯದು ಸಮುದ್ರವು ತನ್ನೊಡಲಲ್ಲಿ ಪೊರೆಯುವುದನ್ನು ಸೂಚಿಸುತ್ತದೆ. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ ಬಣ್ಣದ ಮೀನುಗಳನ್ನು ಬಿಡುವವನು ರತ್ನಾಕರನನ್ನೇ ಮನೆಗೆ ತಂದೆನೆಂದು ಹಿಗ್ಗುವುದುಂಟು. ಆದರೆ ಯಾದಃಪತಿಯ ಹೊಣೆಯೂ ಅಂದಿನಿಂದಲೇ ಅವನ ಹೆಗಲೇರಿತೆಂಬುದನ್ನು ಮರೆಯುತ್ತಾನೆ. ಅಂತಹ ತೊಟ್ಟಿಗಳು ಕೆಲವೇ ತಿಂಗಳುಗಳಲ್ಲಿ ಬರಿದಾಗಿ ಮೂಲೆ ಸೇರುವುದು ಅಪರೂಪವಲ್ಲ. ಮೀನುಗಳ ಸಾವಿಗೆ ರೋಗವೊಂದೇ ಕಾರಣವಲ್ಲ. ನೀರು ತನ್ನನ್ನು ತಾನು ಶುದ್ಧಗೊಳಿಸಿಕೊಳ್ಳುವ ಏರ್ಪಾಡು ಇಲ್ಲದಿರುವುದು ಅನೇಕ ವೇಳೆ ಮೂಲಕಾರಣವಾಗಿರುತ್ತದೆ. ಆ ಏರ್ಪಾಡನ್ನು ಅಲ್ಪವೆಚ್ಚದಲ್ಲಿ ಮಾಡಿಕೊಳ್ಳುವ ಒಂದು ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನೀರು ಕೆಡುವ ಬಗೆ

ಮೀನು ಆಹಾರವನ್ನು ತಿಂದು ಅಮೋನಿಯವನ್ನು ವಿಸರ್ಜಿಸುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯವೇ ಆಗುತ್ತದೆ. ಇದು ಜಲಚರಗಳಿಗೆ ವಿಷ. ಕಲ್ಲು, ಮರಳುಗಳ ಮೇಲೆ ನೆಲೆಸುವ ಒಂದು ವರ್ಗದ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಮತ್ತೊಂದು ವರ್ಗದವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟಿನ ವಿಷಗುಣ ಕಡಿಮೆ. ಆದರೆ ಅದು ಅಲ್ಲಿಗೇ ನಿಂತು ದಿನದಿಂದ ದಿನಕ್ಕೆ ಶೇಖರವಾಗುತ್ತದೆ. ಆಹಾರದಿಂದ ಬಂದ ಫಾಸ್ಫೇಟ್ ಅದರ ಜೊತೆಗೂಡುತ್ತದೆ. ಇವೆರಡೂ ಸಸ್ಯಗಳಿಗೆ ಗೊಬ್ಬರವಾದುದರಿಂದ ಗಾಜು ಕಲ್ಲುಗಳ ಮೇಲೆಲ್ಲ ಬೇಡದ ಪಾಚಿ ಹಬ್ಬಿ ತೊಟ್ಟಿಯ ಅಂದವನ್ನೂ ಆರೋಗ್ಯವನ್ನೂ ಕೆಡಿಸುತ್ತದೆ.

ಕಡಲಿನಲ್ಲಿ ಈ ಗೊಬ್ಬರವನ್ನು ಪಾಚಿಗಳು ಹೀರಿಕೊಳ್ಳುತ್ತವೆ. ಬಂಡೆಗಳ ಸಂದುಗಳಲ್ಲಿ ಅಡಗಿರುವ, ಸೀಗಡಿಯ ದೂರದ ಬಂಧುಗಳಾದ ಕೋಪೆಪಾಡ್, ಆಂಫಿಪಾಡ್ ಎಂಬ ಕಿರುಜೀವಿಗಳು ಪಾಚಿಯ ಸಣ್ಣ ತುಣುಕುಗಳನ್ನೂ ಕಸವನ್ನೂ ತಿಂದು ತಾವು ಮೀನುಗಳಿಗೆ ಆಹಾರವಾಗುತ್ತವೆ. ಸಣ್ಣ ತೊಟ್ಟಿಯಲ್ಲಿ ಈ ಸರಪಳಿಯು ಕಡಿದುಹೋಗುತ್ತದೆ. ಬಿಟ್ಟ ಪಾಚಿಯನ್ನು ಮೀನುಗಳು ಕಿತ್ತು ತಿನ್ನುತ್ತವೆ. ಕಿರುಜೀವಿಗಳು ಮರಿಮಾಡುವ ಮೊದಲೇ ಮುಗಿದುಹೋಗುತ್ತವೆ. ದುರ್ಬಲವಾದುದಕ್ಕೆ ಅಡಗಲು ಎಡೆಯಿಲ್ಲದ ಕಡೆ ಪ್ರಬಲವಾದುದೂ ಬಹುಕಾಲ ಬಾಳದು. ಹೀಗಿರುವಲ್ಲಿ ಅದೇ ನೀರು ಹರಿಯುವ, ಆದರೆ ಮೀನುಗಳಿಗೆ ಪ್ರವೇಶವಿಲ್ಲದ ಎರಡನೆಯದೊಂದು ಪಾತ್ರೆಯನ್ನು ಜೋಡಿಸುವುದೇ ಪರಿಹಾರ. ಇದಕ್ಕೆ ಪಾಶ್ಚಾತ್ಯರು ‘ರೆಫ್ಯೂಜಿಯಮ್’ ಎನ್ನುತ್ತಾರೆ.

ಹೆಸರು ಮತ್ತು ಹಿನ್ನೆಲೆ

ಈ ಪದವು ಲ್ಯಾಟಿನ್ ಭಾಷೆಯದು. ‘ರೆ’ ಎಂದರೆ ಹಿಂದಕ್ಕೆ, ‘ಫುಗೆರೆ’ ಎಂದರೆ ಓಡು. ಅಪಾಯ ಬಂದಾಗ ಓಡಿಬಂದು ಸೇರುವ ತಾಣವೇ ರೆಫ್ಯೂಜಿಯಮ್. ಇದನ್ನು ಕನ್ನಡದಲ್ಲಿ ‘ಆಶ್ರಯತೊಟ್ಟಿ’ ಎನ್ನಲು ಮನಸ್ಸಾಗಬಹುದಾದರೂ ಸಂಸ್ಕೃತಪದಕ್ಕೆ ಕನ್ನಡಪದವನ್ನು ಬೆಸೆದ ಅರಿಸಮಾಸದ ದೋಷ ತಗಲುತ್ತದೆ. ‘ಆಶ್ರಯ’ದ ತದ್ಭವವಾದ ‘ಆಸರೆ’ಯನ್ನು ಹಿಡಿದು ‘ಆಸರೆತೊಟ್ಟಿ’ ಎಂದರೆ ವ್ಯಾಕರಣಕ್ಕೂ ಒಪ್ಪುತ್ತದೆ, ಕಿವಿಗೂ ಹಿತವಾಗುತ್ತದೆ.

ಸಸ್ಯವೂ ಪ್ರಾಣಿಯೂ ಒಂದನ್ನೊಂದು ಪೊರೆಯುವಂತೆ ಪಾತ್ರೆಯೊಳಗೆ ಇರಿಸಬಹುದೆಂಬುದನ್ನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ೧೮೫೦ರಲ್ಲಿ ಪ್ರಕಟಪಡಿಸಿದನು. ಹೊಂಬಣ್ಣದ ಮೀನು, ನೀರುಸಸ್ಯ, ಕೊಳೆತ ಎಲೆಯನ್ನು ತಿನ್ನುವ ಬಸವನಹುಳು, ಈ ಮೂರು ಅವನ ಪ್ರಯೋಗದ ಅಂಗಗಳು. ಮೂರನೆಯದಿಲ್ಲದೆ ಮೊದಲೆರಡು ಕ್ಷೇಮವಾಗಿರಲಿಲ್ಲವೆಂಬುದು ಗಮನಾರ್ಹ. ಮುಂದೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಎಂಬ ವಿಜ್ಞಾನಿಯು ಪಾಚಿಯಿಂದಲೇ ಕಡಲನೀರನ್ನು ಶುದ್ಧಗೊಳಿಸುವ ಕ್ರಮವನ್ನು ಬೆಳೆಸಿ, ಕ್ಯಾರೆನ್ ಲವ್‌ಲ್ಯಾಂಡ್ ಅವರೊಡನೆ ೧೯೯೧ರಲ್ಲಿ ‘ಡೈನಮಿಕ್ ಅಕ್ವೇರಿಯಾ’ ಎಂಬ ಗ್ರಂಥವನ್ನು ಹೊರತಂದನು.

ನಿರ್ಮಾಣ ಕ್ರಮ

ಮುಖ್ಯ ತೊಟ್ಟಿಯು ೧೦೦ ಸೆಂ.ಮೀ. ಉದ್ದ, ೫೦ ಸೆಂ.ಮೀ. ಅಗಲವಿದ್ದು ೪೦ ಸೆಂ.ಮೀ. ಎತ್ತರಕ್ಕೆ ನೀರಿದೆಯೆಂದು ಭಾವಿಸೋಣ. ಅದು ೨೦೦ ಲೀಟರ್. ಇದಕ್ಕೆ ೬೦ ಸೆಂ.ಮೀ. ಉದ್ದ, ೩೦ ಸೆಂ.ಮೀ. ಅಗಲ, ೩೦ ಸೆಂ.ಮೀ. ಎತ್ತರದ ಆಸರೆತೊಟ್ಟಿ ಸಾಕು. ಹೊಸದನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ಸೋರದಿರುವ ಹಳೆಯ ಮೀನಿನ ತೊಟ್ಟಿಯಾಗಲಿ, ಆಹಾರ ಪದಾರ್ಥಗಳನ್ನಿಡಲು ತಕ್ಕ ಪ್ಲಾಸ್ಟಿಕ್ಕಿನ ಗಟ್ಟಿ ಪೆಟ್ಟಿಗೆಯಾಗಲಿ ಆದೀತು. ಆದರೆ ಹಿಂದೆ ಸಾಬೂನನ್ನೋ ತಾಮ್ರಬೆರೆತ ಮೀನುಮದ್ದನ್ನೋ ಕಂಡ ಪಾತ್ರೆಯನ್ನು ಬಳಸಲಾಗದು. ಅತ್ಯಲ್ಪ ತಾಮ್ರವೂ ಕಿರುಜೀವಿಗಳನ್ನು ಕೊಲ್ಲುತ್ತದೆ. ಬಿರುಕಿಗೆ ಹಚ್ಚುವ ಸಿಲಿಕೋನ್ ಅಂಟು ಬೂಷ್ಟುನಿರೋಧಕ ಮದ್ದು ಬೆರೆಸಿದುದಾಗಿರಬಾರದು.

ಆಸರೆತೊಟ್ಟಿಯನ್ನು ಮುಖ್ಯ ತೊಟ್ಟಿಯ ಪಕ್ಕದಲ್ಲಿ, ಅದರ ಬಾಯಿಗಿಂತ ಎತ್ತರದಲ್ಲಿ ಇರಿಸುವುದು ಸುಲಭವಾದ ವಿಧಾನ. ಸಣ್ಣ ಪಂಪು ನೀರನ್ನು ಮೇಲಕ್ಕೆ ತಳ್ಳುತ್ತದೆ. ನೀರು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಕಿರುಜೀವಿಗಳು ಪಂಪಿನ ರೆಕ್ಕೆಗಳಿಗೆ ಸಿಕ್ಕದೆ ಜೀವಂತವಾಗಿ ಮೀನುಗಳನ್ನು ತಲುಪುತ್ತವೆ. ತುಂಬಿದ ತೊಟ್ಟಿಯ ಭಾರ ೫೦ ಕಿಲೋಗ್ರಾಂ ಮೀರುವುದರಿಂದ ಆಧಾರವು ಭದ್ರವಾಗಿರತಕ್ಕದ್ದು.

ಆಸರೆತೊಟ್ಟಿಯ ಒಂದು ಬದಿಯಲ್ಲಿ, ತಳದಿಂದ ೨೨ ಸೆಂ.ಮೀ. ಎತ್ತರಕ್ಕೆ ನೀರು ನಿಲ್ಲುವಂತೆ ರಂಧ್ರವನ್ನು ಕೊರೆಯಿಸಿ ೨೫ ಮಿ.ಮೀ. ಪಿ.ವಿ.ಸಿ. ಕೊಳವೆಯನ್ನು ಜೋಡಿಸಬೇಕು. ಹದಗೊಳಿಸಿದ ಗಡಸುಗಾಜನ್ನು ಕೊರೆದರೆ ಅದು ಪುಡಿಯಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ರಂಧ್ರದ ಮುಂದೆ ಪ್ಲಾಸ್ಟಿಕ್ ಜಾಲರಿಯಿರಲಿ. ಇಲ್ಲವಾದರೆ ಪಾಚಿ ಹೊಕ್ಕು ಕೊಳವೆ ಕಟ್ಟಿಕೊಳ್ಳುತ್ತದೆ. ಗಂಟೆಗೆ ಸುಮಾರು ೨೦೦ ಲೀಟರ್ ನೀರೆತ್ತುವ ಪಂಪು ಸಾಕು. ೪೦ ಲೀಟರಿನ ಆಸರೆತೊಟ್ಟಿಯ ನೀರು ಗಂಟೆಗೆ ಐದು ಸಲ ಬದಲಾಗುತ್ತದೆ.

ಎರಡು ಎಚ್ಚರಿಕೆಗಳು ಅತ್ಯವಶ್ಯ. ಒಂದು, ವಿದ್ಯುತ್ತು ನಿಂತಾಗ ಮೇಲಿನ ನೀರು ಪಂಪಿನ ಕೊಳವೆಯ ಮೂಲಕವೇ ಹಿಮ್ಮುಖವಾಗಿ ಇಳಿಯಬಲ್ಲುದು. ಆ ಕೊಳವೆಯ ಬಾಯಿಯನ್ನು ಆಸರೆತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲಿಸಿದರೆ ಈ ಭಯವಿಲ್ಲ. ಎರಡು, ಹೊರಹರಿವಿನ ಕೊಳವೆ ಕಟ್ಟಿಕೊಂಡರೆ ಪಂಪು ಮುಖ್ಯ ತೊಟ್ಟಿಯ ನೀರನ್ನೆಲ್ಲ ಮೇಲೆತ್ತಿ ನೆಲಕ್ಕೆ ಚೆಲ್ಲೀತು. ಪಂಪಿನ ಹೀರುಬಾಯಿಯು ಮುಖ್ಯ ತೊಟ್ಟಿಯ ನೀರಿನ ಮೇಲ್ಮೈಯಿಂದ ೨ ಸೆಂ.ಮೀ. ಮಾತ್ರ ಕೆಳಗಿದ್ದರೆ ಅದು ಎತ್ತಬಲ್ಲ ನೀರು ಹತ್ತೇ ಲೀಟರ್. ಆಸರೆತೊಟ್ಟಿಯಲ್ಲಿ ಉಳಿದಿರುವ ೮ ಸೆಂ.ಮೀ. ತೆರಪಿನಲ್ಲಿ ೧೪ ಲೀಟರಿಗೆ ಎಡೆಯುಂಟು. ಪಂಪು ಸುಟ್ಟೀತು, ಮೀನು ಸಾಯದು, ನೆಲ ನೆನೆಯದು. ಜೀವಿಗಳನ್ನು ಬಿಡುವ ಮೊದಲು ಸಿಹಿನೀರು ತುಂಬಿ ಒಂದು ಹಗಲಿರುಳು ಓಡಿಸಿ, ಕೊಳವೆಯನ್ನು ಬೇಕೆಂದೇ ಮುಚ್ಚಿ, ವಿದ್ಯುತ್ತನ್ನು ಬೇಕೆಂದೇ ನಿಲ್ಲಿಸಿ ಪರೀಕ್ಷಿಸತಕ್ಕದ್ದು. ನೀರಿನ ಸಮೀಪದ ವಿದ್ಯುತ್ ತಂತಿಗಳು ಪ್ಲಗ್ಗಿಗಿಂತ ಕೆಳಗೆ ಜೋಲುವಂತಿದ್ದರೆ ತಂತಿಯ ಗುಂಟ ಜಾರಿದ ಹನಿ ಪ್ಲಗ್ಗನ್ನು ಸೇರದೆ ಕೆಳಗೆ ಬೀಳುತ್ತದೆ.

ಪಾಚಿ ಮತ್ತು ಬೆಳಕು

ತಳದಲ್ಲಿ ೨-೩ ಸೆಂ.ಮೀ. ಶುಭ್ರವಾದ ಮರಳು, ಅದರ ಮೇಲೆ ಮೆರುಗು ಬಳಿಯದ ಸುಟ್ಟ ಮಣ್ಣಿನ ಚೂರುಗಳು, ಇಷ್ಟು ಕಿರುಜೀವಿಗಳ ವಸತಿಗೆ ಸಾಕು. ವಿದೇಶದ ಕೈಪಿಡಿಗಳು ಹವಳದ ಬಂಡೆಯನ್ನು ಹೇಳುತ್ತವೆ. ಭಾರತದಲ್ಲಿ ಅದು ಸಲ್ಲದು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ಬಂಡೆಕಟ್ಟುವ ಹವಳಗಳೂ ಕಡಲಕುದುರೆಗಳೂ ಸೇರಿವೆ. ಮನ್ನಾರ್ ಕೊಲ್ಲಿಯ ಹವಳಕ್ಕೂ ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಹವಳಕ್ಕೂ ಈ ರಕ್ಷಣೆ ಸಮಾನ.

ಪಾಚಿಗಳಲ್ಲಿ ‘ಕೀಟೊಮಾರ್ಫ’ ಎಂಬುದು ಅತ್ಯಂತ ಉಪಯುಕ್ತ. ಸಿಕ್ಕುಬಿದ್ದ ಹಸಿರು ನೂಲಿನ ಉಂಡೆಯಂತೆ ಕಾಣುವ ಇದಕ್ಕೆ ನೆಲದಲ್ಲಿ ಬೇರೂರುವ ಅಗತ್ಯವಿಲ್ಲ. ಚೆನ್ನಾಗಿ ನಡೆಯುತ್ತಿರುವ ಬೇರೊಂದು ತೊಟ್ಟಿಯಿಂದ ಒಂದು ಹಿಡಿಯಷ್ಟನ್ನು ತಂದರೆ ಅದರ ಎಳೆಗಳ ನಡುವೆ ಕಿರುಜೀವಿಗಳೂ ಬಂದಿರುತ್ತವೆ. ‘ಕಾಲರ್ಪ’ ಎಂಬ ಮತ್ತೊಂದು ಪಾಚಿ ಬೇಗ ಬೆಳೆಯುವುದಾದರೂ, ಕೆಲವೊಮ್ಮೆ ಒಮ್ಮೆಲೇ ಲಿಂಗಾಣುಗಳನ್ನು ಚೆಲ್ಲಿ ಬಿಳುಚಿ ಸತ್ತು, ತಾನು ಹೀರಿದುದೆಲ್ಲವನ್ನೂ ಒಂದೇ ರಾತ್ರಿ ನೀರಿಗೆ ಮರಳಿಸುತ್ತದೆ. ಇದೇ ಕುಲದ ಒಂದು ಜಾತಿ ೧೯೮೪ರಲ್ಲಿ ಮೊನಾಕೋ ತೀರದಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ವಿಸ್ತಾರವಾಗಿ ಹಬ್ಬಿತು. ಆದುದರಿಂದ ಯಾವ ಪಾಚಿಯನ್ನೇ ಆಗಲಿ ಹಳ್ಳಕ್ಕೋ ಹೊಳೆಗೋ ಕಡಲಿಗೋ ಎಸೆಯಲಾಗದು.

ಬೆಳಕಿಗೆ ದುಬಾರಿ ದೀಪ ಬೇಡ. ಅಂಗಡಿಯಲ್ಲಿ ದೊರೆಯುವ ೧೨ ವ್ಯಾಟಿನ ಬಿಳಿಯ ಎಲ್.ಇ.ಡಿ. ಬಲ್ಬು ಸಾಕು. ಮುಖ್ಯ ತೊಟ್ಟಿಯ ದೀಪ ಆರಿದಾಗ ಇದು ಹೊತ್ತಿಕೊಳ್ಳಬೇಕೆಂಬುದೇ ಇಲ್ಲಿನ ಸ್ವಾರಸ್ಯ. ಕತ್ತಲಲ್ಲಿ ಎಲ್ಲ ಜೀವಿಗಳೂ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದ ನೀರಿನ ಕ್ಷಾರಗುಣ ತಗ್ಗುತ್ತದೆ. ಆಸರೆತೊಟ್ಟಿಯ ಪಾಚಿ ಆ ವೇಳೆಯಲ್ಲಿ ಬೆಳಕು ಪಡೆದರೆ ಡೈಆಕ್ಸೈಡನ್ನು ಹೀರಿ ಆಮ್ಲಜನಕವನ್ನು ಕೊಡುತ್ತ ಈ ಏರಿಳಿತವನ್ನು ತಗ್ಗಿಸುತ್ತದೆ. ದಿನಕ್ಕೆ ೧೨ ಗಂಟೆ ಉರಿದರೆ ತಿಂಗಳಿಗೆ ನಾಲ್ಕೂಕಾಲು ಯೂನಿಟ್ಟು. ೮ ವ್ಯಾಟಿನ ಪಂಪು ಹಗಲಿರುಳು ಓಡಿದರೆ ಆರು ಯೂನಿಟ್ಟಿಗೆ ತುಸು ಕಡಿಮೆ. ಎರಡೂ ಸೇರಿ ಹತ್ತು ಯೂನಿಟ್ಟಿನ ಖರ್ಚು.

ಪಾಲನೆ ಮತ್ತು ಮಿತಿ

ಪಾಚಿಯು ನೈಟ್ರೇಟನ್ನು ನಾಶಮಾಡುವುದಿಲ್ಲ. ತನ್ನ ಒಡಲಲ್ಲಿ ಹಿಡಿದಿಡುತ್ತದೆ. ಆದುದರಿಂದ ತೊಟ್ಟಿ ತುಂಬಿದೊಡನೆ ಮೂರನೆಯ ಒಂದು ಭಾಗವನ್ನು ಹೊರತೆಗೆಯಬೇಕು. ಹೊರತೆಗೆದುದೇ ನೀರು ಕಳೆದುಕೊಂಡ ಮಲಿನತೆ. ತೆಗೆಯದೆ ಬಿಟ್ಟರೆ ಒಳಗಿನ ಪಾಚಿ ಬೆಳಕು ಕಾಣದೆ ಸತ್ತು, ಪಡೆದುದನ್ನೆಲ್ಲ ಹಿಂದಿರುಗಿಸುತ್ತದೆ. ಆರಿಹೋದ ನೀರಿಗೆ ಬದಲಾಗಿ ಪ್ರತಿದಿನವೂ ಕ್ಲೋರೀನಿಲ್ಲದ ಸಿಹಿನೀರನ್ನೇ ಸೇರಿಸತಕ್ಕದ್ದು. ಉಪ್ಪು ಆರಿಹೋಗುವುದಿಲ್ಲ, ಉಪ್ಪುನೀರನ್ನೇ ಸೇರಿಸುತ್ತ ಹೋದರೆ ಲೀಟರಿಗೆ ೩೫ ಗ್ರಾಮಿನಷ್ಟಿರಬೇಕಾದ ಲವಣಾಂಶ ಏರುತ್ತದೆ. ಹದಿನೈದು ದಿನಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸುವುದು ಆಸರೆತೊಟ್ಟಿಯಿದ್ದರೂ ತಪ್ಪುವುದಿಲ್ಲ.

ಮಿತವ್ಯಯಕ್ಕೂ ಒಂದು ಮೇರೆಯುಂಟು. ಪಾತ್ರೆಯಲ್ಲಿ, ದೀಪದಲ್ಲಿ, ಕೊಳವೆಯಲ್ಲಿ ಉಳಿಸಬಹುದು. ಕಡಲುಪ್ಪಿನ ಮಿಶ್ರಣದಲ್ಲಿ, ನೀರನ್ನು ಪರೀಕ್ಷಿಸುವ ದ್ರಾವಣಗಳಲ್ಲಿ, ಕಾಲದಲ್ಲಿ ಉಳಿಸಲಾಗದು. ಅಡುಗೆಯ ಉಪ್ಪಿನಲ್ಲಿ ಕಡಲಿನ ಮೆಗ್ನೀಸಿಯಮ್, ಕ್ಯಾಲ್ಸಿಯಮ್‌ಗಳಿಲ್ಲ. ಬ್ಯಾಕ್ಟೀರಿಯಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯ, ನೈಟ್ರೈಟ್ ಎರಡೂ ಶೂನ್ಯವಾಗುವ ತನಕ ಮೀನನ್ನು ಬಿಡಬಾರದು. ಮ್ಯಾಂಡರಿನ್ ಎಂಬ ಚಿತ್ರವಿಚಿತ್ರ ವರ್ಣದ ಮೀನು ಕೋಪೆಪಾಡ್‌ಗಳನ್ನೇ ನಂಬಿ ಬದುಕುವಂತಹುದು. ಅದರ ಚೆಲುವಿಗೆ ಮರುಳಾಗಿ ಇಷ್ಟು ಚಿಕ್ಕ ತೊಟ್ಟಿಗೆ ತಂದರೆ, ಎಲ್ಲರ ಕಣ್ಣೆದುರಿಗೇ ಹಸಿದು ಸಾಯುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ಕ್ರಮವನ್ನು ರೂಪಿಸಿದೆ. ಹಾಗೆ ಹುಟ್ಟಿದ ಒಂದು ಜೋಡಿಯಿಂದ ಆರಂಭಿಸುವುದು ಜೀವಿಗೂ ಕ್ಷೇಮ, ಕಡಲಿಗೂ ಕ್ಷೇಮ.

ಶಾಲೆಯ ವಿಜ್ಞಾನಶಾಲೆಗೆ ಬಂದವರು ಮೊದಲು ನೋಡುವುದು ಮುಖ್ಯ ತೊಟ್ಟಿಯನ್ನು. ದಾನ ಕೊಡುವವರ ಮನಸ್ಸೂ ಸಹಜವಾಗಿ ಅತ್ತಲೇ ಹರಿಯುತ್ತದೆ. ಆದರೆ ಆ ಮೀನುಗಳ ಉಸಿರು ನಿಂತಿರುವುದು ಮೇಲಿನ ಹಲಗೆಯ ಮೇಲಿರುವ, ಹಸಿರು ಸಿಕ್ಕಲ್ಲದೆ ಬೇರೇನೂ ಕಾಣದ ಹಳೆಯ ಪೆಟ್ಟಿಗೆಯ ಮೇಲೆ. ಬೇಸಗೆಯ ರಜೆಯಲ್ಲಿಯೂ ಅದಕ್ಕೆ ಪ್ರತಿದಿನ ನೀರೆರೆಯುವವನೊಬ್ಬನು ಬೇಕು. ಹೆಸರಿನ ಫಲಕ ಯಾವ ತೊಟ್ಟಿಯ ಮೇಲಾದರೂ ಇರಲಿ. ಪಂಪು, ದೀಪ, ಉಪ್ಪು, ಅದನ್ನು ನೋಡಿಕೊಳ್ಳುವ ಕೈ, ಇವುಗಳ ವರ್ಷಾಂತರದ ವೆಚ್ಚವನ್ನು ಮೊದಲೇ ಗೊತ್ತುಮಾಡಿದ ಮೇಲೆಯೇ ಮೀನನ್ನು ತರುವುದು ಧರ್ಮ.